ಅವರ ಮೈದಾನ, ನಮ್ಮ ಮೈದಾನ

ಮಾರತ್ತಹಳ್ಳಿಯ ಪಿ.ಜಿ.ಯೊಂದರಲ್ಲಿ ಇದ್ದುಕೊಂಡು ಎಂಬಿಎ ಓದುತ್ತಿರುವ ನನ್ನ ಅಕ್ಕನ ಮಗಳು ಈಚೆಗೆ ತನ್ನ ಪ್ರಾಜೆಕ್ಟ್ ವರದಿಯನ್ನು ನನ್ನ ಮುಂದಿಟ್ಟಳು. ಯುರೋಪಿನ ಸಂಸ್ಕೃತಿ ಮತ್ತು ವ್ಯವಹಾರ ಅದರ ವಿಷಯ. ಜರ್ಮನರಿಗೆ ಸಮಯಪಾಲನೆ ಮುಖ್ಯ, ಫ್ರೆಂಚರಿಗೆ ಊಟ ಮುಖ್ಯ, ಇಟಲಿಯವರು ಕೈಯಾಡಿಸಿ ಮಾತಾಡುತ್ತಾರೆ. ಉಕ್ರೇನಿಗೆ ಸಿಕ್ಕಿದ್ದು ಅರ್ಧ ಪುಟ: ರಷ್ಯನ್ನರನ್ನು ಹೋಲುವ ಜನ, ಬೋರ್ಷ್ ಎಂಬ ಬೀಟ್‌ರೂಟ್ ಸಾರು, ಅಗ್ಗಕ್ಕೆ ದೊರೆಯುವ ಸಾಫ್ಟ್‌ವೇರ್ ಎಂಜಿನಿಯರುಗಳು.

‘ಇಷ್ಟೇನಾ ಬೇಟಿ?’ ಎಂದೆ.

‘ಪರೀಕ್ಷೆಗೆ ಇಷ್ಟು ಸಾಕು ಮಾಮು’ ಎಂದಳು.

ತಪ್ಪು ಅವಳದಲ್ಲ. ಸಂಸ್ಕೃತಿಯನ್ನು ಗಿರಾಕಿಯ ಮರ್ಜಿ ಕಾಯುವ ಕೈಪಿಡಿಯಾಗಿ ಇಳಿಸಿದ ವಿದ್ಯೆಯದು. ಈ ಪಾಠಗಳ ಹಿಂದಿರುವ ದೊಡ್ಡ ಹೆಸರು ಡಚ್ ವಿದ್ವಾಂಸ ಗೀರ್ಟ್ ಹಾಫ್‌ಸ್ಟೆಡ್ ಅವರದು. 1967ರಿಂದ 1973ರವರೆಗೆ ಐಬಿಎಂ ನೌಕರರಿಂದ ಪಡೆದ ಉತ್ತರಗಳನ್ನು ಆಧರಿಸಿ 1980ರಲ್ಲಿ ಅವರು ಪ್ರಕಟಿಸಿದ ಪುಸ್ತಕ 40 ದೇಶಗಳಿಗೆ ಅಂಕ ಹಂಚಿತು. ಒಂದು ಕಂಪನಿಯ ನೌಕರರು ಇಡೀ ದೇಶದ ಪ್ರತಿನಿಧಿಗಳಾದರು. ಆ 40ರಲ್ಲಿ ಸೋವಿಯತ್ ಒಕ್ಕೂಟವೇ ಇರಲಿಲ್ಲ. ಇನ್ನು ಅದರೊಳಗಿದ್ದ ಉಕ್ರೇನಿನ ಮಾತೆಲ್ಲಿ? ದೇಶದ ಅಂಕವನ್ನು ವ್ಯಕ್ತಿಗೆ ಅಂಟಿಸಬೇಡಿ ಎಂದು ಹಾಫ್‌ಸ್ಟೆಡ್ ಅವರೇ ಎಚ್ಚರಿಸಿದ್ದರು. ಆ ಎಚ್ಚರ ನಮ್ಮ ತರಗತಿಗಳನ್ನು ತಲುಪುವಷ್ಟರಲ್ಲಿ ಉದುರಿಹೋಗಿದೆ. ಉಳಿದಿರುವುದು ಒಂದು ದೇಶಕ್ಕೆ ಒಂದು ಖಾನೆ ಎಂಬ ಲೆಕ್ಕ ಮಾತ್ರ.

ಉಕ್ರೇನ್ ರಷ್ಯದ ನೆರಳು ಎಂದು ಬರೆಯುವವರಿಗೆ ತಾವು ಯಾರ ಮಾತನ್ನು ಉಚ್ಚರಿಸುತ್ತಿದ್ದೇವೆ ಎಂಬ ಅರಿವಾದರೂ ಬೇಡವೆ? ಜೀತದ ಮನೆಯಲ್ಲಿ ಹುಟ್ಟಿದ ಕವಿ ತರಾಸ್ ಷೆವ್ಚೆಂಕೊ ಅವರನ್ನು 1847ರಲ್ಲಿ ಗಡೀಪಾರು ಮಾಡಿ, ಬರೆಯಲೂ ಕೂಡದು, ಚಿತ್ರ ಬಿಡಿಸಲೂ ಕೂಡದು ಎಂದು ಆಜ್ಞಾಪಿಸಲಾಯಿತು. ಅಂಥದೊಂದು ಭಾಷೆಯೇ ಇಲ್ಲವೆಂದು 1863ರಲ್ಲಿ ಸಾರಿದವನು ತ್ಸಾರನ ಮಂತ್ರಿ ವಲುಯೆವ್. 1876ರಲ್ಲಿ ಉಕ್ರೇನಿಯನ್ ಭಾಷೆಯ ಬಹುಪಾಲು ಮುದ್ರಣವನ್ನೂ ನಾಟಕಗಳನ್ನೂ ನಿಷೇಧಿಸಲಾಯಿತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಧಾರವಾಡ ಸೀಮೆಯಲ್ಲಿ ಮರಾಠಿಯ ಯಜಮಾನಿಕೆಯ ನಡುವೆ ಕನ್ನಡ ಶಾಲೆಗಳಿಗಾಗಿ ಹೆಣಗಿದ ಡೆಪ್ಯುಟಿ ಚನ್ನಬಸಪ್ಪನವರನ್ನು ನೆನೆಯುವ ಕನ್ನಡಿಗರಿಗೆ ಈ ಸಂಕಟ ಅಪರಿಚಿತವಾಗಬಾರದು.

‘ಅದು ಬಿಳಿಯರ ಜಗಳ, ಗಾಜಾ ಉರಿಯುವಾಗ ನಮಗೇಕೆ?’ ಎಂದು ನಮ್ಮವರೇ ಕೇಳುತ್ತಾರೆ. ಉಕ್ರೇನಿನ ನಿರಾಶ್ರಿತರಿಗೆ ಬಾಗಿಲು ತೆರೆದ ಯುರೋಪಿನಲ್ಲೇ 2015ರಲ್ಲಿ ಸಿರಿಯನ್ನರ ದಾರಿಗೆ ಮುಳ್ಳುತಂತಿ ಬಿತ್ತು. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಉಕ್ರೇನನ್ನು ಬಿಳಿಯರ ಖಾನೆಗೆ ತಳ್ಳಿದರೆ ನಾವು ಮರೆಯುವುದು ನಮ್ಮವರನ್ನೇ. ಕ್ರಿಮಿಯದ ಬಖ್ಚಿಸರಾಯ್‌ನಿಂದ ಇಸ್ಮಾಯಿಲ್ ಗಾಸ್ಪ್ರಿನ್‌ಸ್ಕಿ 1883ರಲ್ಲಿ ಆರಂಭಿಸಿದ ಪತ್ರಿಕೆಯ ಹೆಸರು ‘ತರ್ಜುಮಾನ್’. ಉರ್ದು ಬಲ್ಲ ಯಾರಿಗೂ ಅದರ ಅರ್ಥ ಹೇಳಬೇಕಾಗಿಲ್ಲ. ಆ ಕ್ರಿಮಿಯನ್ ತಾತಾರ್ ಮುಸ್ಲಿಮರನ್ನು ಸ್ಟಾಲಿನ್ ಸರ್ಕಾರ 1944ರ ಮೇ ತಿಂಗಳಲ್ಲಿ, ಸುಮಾರು 1.9 ಲಕ್ಷ ಜನರನ್ನು, ರೈಲುಡಬ್ಬಿಗಳಿಗೆ ತುಂಬಿ ಮಧ್ಯ ಏಷ್ಯಾದತ್ತ ಸಾಗಿಸಿತು. ಆ ನೋವನ್ನೇ ಹಾಡಿ 2016ರ ಯೂರೋವಿಷನ್ ಸ್ಪರ್ಧೆ ಗೆದ್ದ ಜಮಾಲಾ ತಾತಾರ್ ತಂದೆಯ ಮಗಳು. ಅವರು ಪ್ರತಿನಿಧಿಸಿದ್ದು ಉಕ್ರೇನನ್ನು. ಕೀವ್ ನಗರದಲ್ಲಿ 2013-14ರಲ್ಲಿ ಜನ ಸೇರಿ ಸರ್ಕಾರವನ್ನು ಎದುರಿಸಿದ ಚೌಕವನ್ನು ಅವರು ಕರೆಯುವುದು ‘ಮೈದಾನ್’ ಎಂದೇ. ನಾವು ಈದ್ಗಾ ಮೈದಾನ ಎನ್ನುವಾಗ ಬಳಸುವುದೂ ಅದೇ ಪದ. ತುರ್ಕಿಯ ದಾರಿ ಹಿಡಿದು ಅಲ್ಲಿಗೆ, ಫಾರ್ಸಿಯ ದಾರಿ ಹಿಡಿದು ಇಲ್ಲಿಗೆ ಬಂದ ಈ ಒಂದು ಪದವನ್ನು ಯಾವ ಖಾನೆಯಲ್ಲಿ ಕೂರಿಸೋಣ?

ರಷ್ಯನ್ ಮಾತಾಡುವವರನ್ನು ಕಾಪಾಡಲು ಬಂದೆವು ಎಂದವರು 2022ರಲ್ಲಿ ಶೆಲ್ ಸುರಿದದ್ದು ಬಹುಪಾಲು ರಷ್ಯನ್ ಮಾತಾಡುತ್ತಿದ್ದ ಖಾರ್ಕಿವ್ ಮೇಲೆ. ಆಹಾರಕ್ಕೆಂದು ಹೊರಬಂದ ಹಾವೇರಿ ಜಿಲ್ಲೆಯ ಚಳಗೇರಿಯ ವೈದ್ಯ ವಿದ್ಯಾರ್ಥಿ ಮಾರ್ಚ್ 1ರಂದು ಜೀವ ಬಿಟ್ಟದ್ದು ಅದೇ ಊರಿನಲ್ಲಿ. ಮನೆಮಾತು ರಷ್ಯನ್ ಆದರೂ ಆ ಊರಿನ ಜನ ತಾವು ಉಕ್ರೇನಿನವರೆಂದೇ ನಿಂತರು.

ಮನೆಯಲ್ಲಿ ದಖನಿ, ಬೀದಿಯಲ್ಲಿ ಕನ್ನಡ ಆಡುತ್ತ ಬೆಳೆದ ನನಗೆ ಈ ನಿಲುವು ದೂರದ್ದಲ್ಲ. 1994ರ ಅಕ್ಟೋಬರಿನಲ್ಲಿ ದೂರದರ್ಶನದ ಹತ್ತು ನಿಮಿಷಗಳ ಉರ್ದು ವಾರ್ತೆಯ ನೆಪದಲ್ಲಿ ಬೆಂಗಳೂರು ಹೊತ್ತಿ ಉರಿದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಮನೆಮಾತು ಕೇಳಿ ನಿಷ್ಠೆ ಅಳೆಯುವ ರೋಗ ಅದು. ಉರ್ದು ಬಂದರೆ ಸಾಕು, ಕನ್ನಡವೇಕೆ ಎನ್ನುವ ನಮ್ಮವರಿಗೂ ಅದೇ ರೋಗ. ಉಕ್ರೇನ್ ಕೂಡ ಇದಕ್ಕೆ ಹೊರತಲ್ಲ. 2019ರಲ್ಲಿ ಅದು ತಂದ ರಾಜ್ಯಭಾಷಾ ಕಾನೂನಿನ ಬಗ್ಗೆ ಅಲ್ಲಿಯ ಅಲ್ಪಸಂಖ್ಯಾತ ಭಾಷಿಕರಿಗೆ ಅಳಲಿದೆ. ತುಳಿತಕ್ಕೊಳಗಾದ ಭಾಷೆ ಬೇಲಿ ಹಾಕಿಕೊಳ್ಳುವುದು ತಪ್ಪಲ್ಲ. ಬೇಲಿಯೇ ಎದ್ದು ಹೊಲ ಮೇಯಬಾರದು.

ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳು ಉಕ್ರೇನನ್ನು ಓದಬೇಕಾದದ್ದು ಹೀಗೆ, ಜಗಳ ಮತ್ತು ಕೊಡುಕೊಳೆ ಎರಡರ ಸಮೇತ. 2022ರಲ್ಲಿ ಅಲ್ಲಿಂದ ಮರಳಿದ ನೂರಾರು ವಿದ್ಯಾರ್ಥಿಗಳು ನಮ್ಮ ಜಿಲ್ಲೆಗಳಲ್ಲಿದ್ದಾರೆ. ಅವರಲ್ಲಿ ಒಬ್ಬರನ್ನು ಕರೆದು ತರಗತಿಯಲ್ಲಿ ಒಂದು ಗಂಟೆ ಕೂರಿಸಿದರೆ ಎಷ್ಟೋ ನಕ್ಷೆಗಳಿಗಿಂತ ಹೆಚ್ಚು ತಿಳಿಯುತ್ತದೆ.

ಇದನ್ನೆಲ್ಲ ಕೇಳಿದ ಹುಡುಗಿ, ‘ಬರೆದರೆ ಅಂಕ ಕಡಿಮೆ ಬಂದೀತು ಮಾಮು’ ಎಂದಳು. ಬರಲಿ ಬಿಡು ಎಂದೆ. ನಾಳೆ ಯಾವುದೋ ಕಂಪನಿಯಲ್ಲಿ ಅವಳ ಹೆಸರನ್ನು ನೋಡಿದ ಕೂಡಲೇ ಅವಳನ್ನು ಒಂದು ಖಾನೆಗೆ ಹಾಕುವವರು ಸಿಕ್ಕೇ ಸಿಗುತ್ತಾರೆ. ಅವರ ಎದುರು ನಿಲ್ಲಲು ಅವಳಿಗೆ ಈ ಪಾಠ ಬೇಕು.