ವೋಚರ್ ಇಲ್ಲದ ಹೆಸರು

ಕಳೆದ ವರ್ಷ ಕಾಲೇಜಿನ ಗೋಡೆ ಪತ್ರಿಕೆಗೆ 'ಮೊದಲಿಗರು' ಎಂಬ ವಿಷಯ ಕೊಟ್ಟಿದ್ದರು. ನಾನು ಫಾತ್ಮಾ ಬೇಗಂ ಅವರನ್ನು ಆರಿಸಿಕೊಂಡೆ. 1926ರಲ್ಲಿ ಬಾಂಬೆಯಲ್ಲಿ ಸ್ವಂತ ಕಂಪನಿ ಕಟ್ಟಿ, 'ಬುಲ್‌ಬುಲ್-ಎ-ಪರಿಸ್ತಾನ್' ಎಂಬ ಮೂಕಿ ಚಿತ್ರವನ್ನು ನಿರ್ದೇಶಿಸಿದ ನಮ್ಮ ದೇಶದ ಮೊದಲ ಮಹಿಳಾ ನಿರ್ದೇಶಕಿ ಅವರು. ಫೋನಿನಲ್ಲಿ ಸಿಕ್ಕ ಹಳೆಯ ಫೋಟೋ ಒಂದನ್ನು ಪ್ರಿಂಟ್ ಹಾಕಿಸಿ, ಕೆಳಗೆ ದಪ್ಪ ಅಕ್ಷರದಲ್ಲಿ ಹೆಸರು ಬರೆದು ಅಂಟಿಸಿದೆ. ನೋಡಲು ಬಂದ ಅಕೌಂಟೆನ್ಸಿ ಸರ್ ಒಂದೇ ಪ್ರಶ್ನೆ ಕೇಳಿದರು: "ಇವರೇ ಅಂತ ನಿನಗೆ ಹೇಗೆ ಗೊತ್ತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಹೋಗಿ ಮತ್ತೆ ಹುಡುಕಿದರೆ ಅದೇ ಫೋಟೋ ಇನ್ನೊಂದು ಕಡೆ ಅವರ ಮಗಳು ಜುಬೇದಾ ಎಂಬ ಹೆಸರಿನಲ್ಲಿತ್ತು. 1931ರ 'ಆಲಂ ಆರಾ' ಚಿತ್ರದ ನಾಯಕಿ ಜುಬೇದಾ. ಸುಲ್ತಾನಾ, ಶೆಹಜಾದಿ ಎಂಬ ಇನ್ನಿಬ್ಬರು ಹೆಣ್ಣುಮಕ್ಕಳೂ ನಟಿಯರೇ. ನಮ್ಮ ಅಮ್ಮಿಯ ಮದುವೆ ಫೋಟೋ ನೋಡಿದವರು ಇದು ಖಾಲಾ ಅಲ್ಲವೇ ಎಂದು ಕೇಳುವುದುಂಟು. ಹಾಗಿರುವಾಗ ನೂರು ವರ್ಷದ ಹಿಂದಿನ ತಾಯಿ ಮಕ್ಕಳ ಮುಖ ನೋಡಿ ಹೆಸರು ಹೇಳಲು ನಾನು ಯಾರು?

ಹಳೆಯ ಫೋಟೋ ತಾನೇ, ಯಾರಿಗೆ ಏನು ನಷ್ಟ ಎಂದು ಗೆಳೆಯರು ಕೇಳಿದರು. ನಷ್ಟ ಇದೆ. ಭಾರತದಲ್ಲಿ ತಯಾರಾದ ಸುಮಾರು 1,300 ಮೂಕಿ ಚಿತ್ರಗಳಲ್ಲಿ ಬಹುಪಾಲು ಉಳಿದಿಲ್ಲ; 'ಬುಲ್‌ಬುಲ್-ಎ-ಪರಿಸ್ತಾನ್' ಕೂಡ ಇಲ್ಲ. ಆಗಿನ ನೈಟ್ರೇಟ್ ಫಿಲ್ಮ್ ಬೇಗ ಬೆಂಕಿ ಹಿಡಿಯುತ್ತಿತ್ತು, ತಾನಾಗಿಯೇ ಕೊಳೆಯುತ್ತಲೂ ಇತ್ತು. ಸ್ಟಿಲ್ ಹಾಗಲ್ಲ. ಅದು ಚಿತ್ರದಿಂದ ಕತ್ತರಿಸಿದ ತುಣುಕಲ್ಲ, ಶೂಟಿಂಗ್ ಜಾಗದಲ್ಲಿ ಬೇರೆ ಕ್ಯಾಮೆರಾದಿಂದ ಪ್ರಚಾರಕ್ಕೆಂದು ತೆಗೆದ ಫೋಟೋ. ಚಿತ್ರ ಸುಟ್ಟುಹೋದರೂ ಅದು ಎಲ್ಲೋ ಉಳಿದಿರುತ್ತದೆ. ಅಮೆರಿಕದ 'ಲಂಡನ್ ಆಫ್ಟರ್ ಮಿಡ್‌ನೈಟ್' (1927) ಕಳೆದುಹೋದ ಚಿತ್ರ. 2002ರಲ್ಲಿ ಅದರ ಸ್ಟಿಲ್‌ಗಳನ್ನೇ ಸಾಲಾಗಿ ಜೋಡಿಸಿ ಕಥೆಯನ್ನು ಮತ್ತೆ ತೋರಿಸಿದರು. ಅಂಥ ಕಡೆ ಬೇರೆ ಚಿತ್ರದ ಸ್ಟಿಲ್ ಸೇರಿಕೊಂಡರೆ ಕಥೆಯೇ ಬದಲಾಗುತ್ತದೆ.

ಹೆಸರಿಲ್ಲದ ಸ್ಟಿಲ್ ಯಾವ ಚಿತ್ರದ್ದೆಂದು ಪತ್ತೆ ಮಾಡುವವರ ಕೆಲಸ ನಮ್ಮ ಅಕೌಂಟ್ಸ್ ಕ್ಲಾಸಿನ ಹಾಗೇ ಇದೆ. ಹಾಲಿವುಡ್‌ನ ಅನೇಕ ಸ್ಟುಡಿಯೋಗಳು ಸ್ಟಿಲ್‌ನ ಮೂಲೆಯಲ್ಲಿ ಚಿತ್ರದ ಸಂಕೇತವನ್ನೂ ಫೋಟೋದ ಕ್ರಮಸಂಖ್ಯೆಯನ್ನೂ ಬರೆಯುತ್ತಿದ್ದವು. ಹೆಸರು ಖಚಿತವಾಗಿರುವ ಇನ್ನೊಂದು ಸ್ಟಿಲ್‌ನಲ್ಲಿ ಅದೇ ಸಂಕೇತ ಸಿಕ್ಕರೆ ಚಿತ್ರ ಯಾವುದೆಂದು ಗೊತ್ತಾಗುತ್ತದೆ. ಅದೇ ವೋಚರ್. ಸಂಖ್ಯೆ ಇಲ್ಲದಿದ್ದರೆ ಉಡುಪು, ಕಾರಿನ ಮಾಡೆಲ್, ಗೋಡೆಯ ಕ್ಯಾಲೆಂಡರ್ ನೋಡಬೇಕು, ಆ ಕಾಲದ ಸಿನಿಮಾ ಪತ್ರಿಕೆಗಳಲ್ಲಿ ಅದೇ ಫೋಟೋ ಅಚ್ಚಾಗಿದೆಯೇ ಎಂದು ಹುಡುಕಬೇಕು. (ನಮ್ಮ ಮೂಕಿ ಚಿತ್ರಗಳ ನಡುವೆ ಬರುತ್ತಿದ್ದ ಬರಹ ಅನೇಕ ಸಲ ಮೂರು ನಾಲ್ಕು ಭಾಷೆಯಲ್ಲಿ ಇರುತ್ತಿತ್ತು, ಉರ್ದುವೂ ಅದರಲ್ಲಿ ಒಂದು. ಮನೆಯಲ್ಲಿ ಉರ್ದು ಮಾತಾಡಿ ಓದಲು ಮಾತ್ರ ತಡವರಿಸುವ ನನ್ನಂಥವರಿಗೆ ಇದು ಸ್ವಲ್ಪ ನಾಚಿಕೆಯ ವಿಷಯ.) ಮುಖದ ಹೋಲಿಕೆ ಬರೀ ಸುಳಿವು. ಈಗ ಮುಖ ಹೊಂದಿಸಿ ಹೆಸರು ಹೇಳುವ ಆ್ಯಪ್‌ಗಳಿವೆ. ಅವು ಕೊಡುವುದೂ ಸುಳಿವೇ, ವೋಚರ್ ಅಲ್ಲ.

ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ವ್ಯತ್ಯಾಸವನ್ನು ಸಸ್ಪೆನ್ಸ್ ಅಕೌಂಟಿಗೆ ಹಾಕುತ್ತೇವೆ. ತಪ್ಪು ಸಿಗುವವರೆಗೆ ಆ ಖಾತೆ ತೆರೆದೇ ಇರುತ್ತದೆ. ಹಳೆಯ ಫೋಟೋಗಳಿಗೂ ಅಂಥ ಖಾತೆ ಬೇಕು ಎಂಬುದು ನನ್ನ ಅಭಿಪ್ರಾಯ. 'ಗೊತ್ತಿಲ್ಲ' ಎಂದು ಬರೆದರೆ ಯಾರಾದರೂ ಹುಡುಕುತ್ತಾರೆ. ತಪ್ಪು ಹೆಸರು ಬರೆದರೆ ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ, ಆ ತಪ್ಪನ್ನು ನೋಡಿ ಇನ್ನೂ ಹತ್ತು ಜನ ಬರೆದುಕೊಳ್ಳುತ್ತಾರೆ. ಚಿತ್ರವೇ ಉಳಿಯದ ಫಾತ್ಮಾ ಬೇಗಂ ಅವರ ಜಾಗದಲ್ಲಿ ಬೇರೆಯವರ ಮುಖ ಕೂರಿಸಿದರೆ ಅವರಿಗೆ ಮಿಕ್ಕಿದ್ದೇನು?

ಮರುದಿನ ಆ ಫೋಟೋದ ಕೆಳಗಿನ ಹೆಸರಿನ ಮೇಲೆ ಬಿಳಿ ಚೀಟಿ ಅಂಟಿಸಿದೆ: "ಫಾತ್ಮಾ ಬೇಗಂ ಅಥವಾ ಜುಬೇದಾ ಇರಬಹುದು. ಖಚಿತವಿಲ್ಲ. ಗೊತ್ತಿದ್ದವರು ಆಧಾರ ಸಮೇತ ಬರೆಯಿರಿ." ಪಕ್ಕದಲ್ಲಿ ದಾರ ಕಟ್ಟಿ ಒಂದು ಪೆನ್ಸಿಲ್ ನೇತುಹಾಕಿದೆ. ಚೀಟಿ ಇನ್ನೂ ಖಾಲಿ ಇದೆ. ಪೆನ್ಸಿಲ್ ಮಾತ್ರ ಎರಡು ಸಲ ಕಳುವಾಗಿದೆ.