ಬೆಟ್ಟವಿಳಿದ ಹಳೆಯ ಬೈಸಿಕಲ್ಲು

ಹಣ ಕೊಟ್ಟು ವಸ್ತುವೊಂದನ್ನು ಕೊಂಡವನು ಅದರ ಒಡೆಯನೋ, ಕೇವಲ ಬಳಕೆದಾರನೋ? ಮೇಲುನೋಟಕ್ಕೆ ಇದು ತರ್ಕಶಾಸ್ತ್ರದ ಕುಚೋದ್ಯದಂತೆ ಕಾಣಬಹುದು. ಆದರೆ ಇಂದು ಹಲವು ದೇಶಗಳ ಶಾಸನಸಭೆಗಳ ಮುಂದಿರುವ ಪ್ರಶ್ನೆ ಇದೇ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯವು 2023ರಲ್ಲಿ ‘ರಿಪೇರಿಯ ಹಕ್ಕಿನ’ ಕಾನೂನನ್ನು ರಚಿಸಿ 2024ರ ಜುಲೈ 1ರಿಂದ ಜಾರಿಗೆ ತಂದಿತು. 100 ಡಾಲರು ಅಥವಾ ಅದಕ್ಕೆ ಮೇಲ್ಪಟ್ಟ ಬೆಲೆಯ ಬಹುತೇಕ ಎಲೆಕ್ಟ್ರಾನಿಕ್ ಸಾಮಗ್ರಿಗಳಿಗೆ, ಅವುಗಳ ತಯಾರಿಕೆ ನಿಂತ ಮೇಲೆಯೂ 7 ವರ್ಷ, ಬಿಡಿಭಾಗಗಳನ್ನೂ ದುರಸ್ತಿಯ ವಿವರಗಳನ್ನೂ ಒದಗಿಸಬೇಕೆಂಬುದು ಅದರ ವಿಧಿ. ಐರೋಪ್ಯ ಒಕ್ಕೂಟವು 2024ರಲ್ಲಿ ಇದೇ ಉದ್ದೇಶದ ನಿರ್ದೇಶನವನ್ನು ಅಂಗೀಕರಿಸಿತು. ಭಾರತ ಸರಕಾರವೂ 2022ರಲ್ಲಿ ಈ ಬಗೆಗೆ ಸಮಿತಿಯೊಂದನ್ನು ನೇಮಿಸಿತು.

ಇವೆಲ್ಲ ಸ್ವಾಗತಾರ್ಹವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇಷ್ಟೇ ಸಾಲದೆಂಬುದಕ್ಕೆ ಅದೇ ಕ್ಯಾಲಿಫೋರ್ನಿಯದ ಮರಿನ್ ಪ್ರಾಂತದಲ್ಲಿ ಅರ್ಧ ಶತಮಾನದ ಹಿಂದೆ ನಡೆದ ಸಂಗತಿಯೊಂದು ಸಾಕ್ಷಿಯಾಗಿದೆ.

ಷಿಕಾಗೋ ನಗರದ ಷ್ವಿನ್ ಕಂಪನಿಯು 1933ರಲ್ಲಿ, ಆರ್ಥಿಕ ಮುಗ್ಗಟ್ಟಿನ ನಡುವೆ, ಎರಡು ಅಂಗುಲಕ್ಕೂ ಮಿಗಿಲಾದ ದಪ್ಪದ ‘ಬಲೂನ್’ ಟೈರಿನ ಬೈಸಿಕಲ್ಲನ್ನು ಹೊರತಂದಿತು. ನೋಟಕ್ಕೆ ಮೋಟಾರ್ ಸೈಕಲಿನ ಅನುಕರಣ. ಪೆಟ್ರೋಲಿಲ್ಲದ ಹುಸಿ ಟ್ಯಾಂಕು, ಅಗಲವಾದ ಮಡ್‌ಗಾರ್ಡು. ಗೇರುಗಳಿಲ್ಲ, ಪೆಡಲನ್ನು ಹಿಂದಕ್ಕೆ ತುಳಿದರೆ ಚಕ್ರದ ನಡುಗುಂಬವೇ ಬ್ರೇಕು ಹಿಡಿಯುತ್ತಿತ್ತು. ಇಂಥವು ಸಮತಟ್ಟಾದ ಬೀದಿಗಳಲ್ಲಿ ಹುಡುಗರು ಓಡಾಡಲೆಂದು ಮಾಡಿದ ಗಾಡಿಗಳು. ಕಾಲ ಸರಿದಂತೆ ಹಳತಾಗಿ ಗುಜರಿಯನ್ನು ಸೇರಿದುವು.

1970ರ ದಶಕದಲ್ಲಿ ಮರಿನ್ ಪ್ರಾಂತದ ತರುಣರು ಆ ಗುಜರಿಯನ್ನೇ ಅರಸಿ ಹೊರಟರು. ಟ್ಯಾಂಕು, ಮಡ್‌ಗಾರ್ಡುಗಳನ್ನೆಲ್ಲ ಕಿತ್ತೊಗೆದು, ಉಳಿದ ಉಕ್ಕಿನ ಚೌಕಟ್ಟನ್ನು ಟಮಲ್‌ಪಾಯಸ್ ಬೆಟ್ಟದ ಮಣ್ಣುಹಾದಿಗಳಲ್ಲಿ ಇಳಿಸಿದರು. ಗಡಗಡಿಸುವ ಆ ಗಾಡಿಗೆ ‘ಕ್ಲಂಕರ್’ ಎಂದು ಹೆಸರಾಯಿತು. 1976ರ ಅಕ್ಟೋಬರ್ 21ರಂದು ಫೇರ್‌ಫ್ಯಾಕ್ಸ್ ಊರಿನ ಬಳಿ ಇಳಿಜಾರಿನ ಮೊದಲ ಪಂದ್ಯ ನಡೆಯಿತು. ಸುಮಾರು 2 ಮೈಲಿಯ ಹಾದಿ. 1,300 ಅಡಿಯ ಇಳಿತ. ಬ್ರೇಕು ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿದ್ದುದರಿಂದ ಗುಂಬವನ್ನು ಬಿಚ್ಚಿ ಮತ್ತೆ ಗ್ರೀಸು ತುಂಬಬೇಕಾಗುತ್ತಿತ್ತು. ಈ ‘ಮರುತುಂಬುವ’ ಕೆಲಸದಿಂದಲೇ ಆ ಹಾದಿಗೆ ‘ರೀಪ್ಯಾಕ್’ ಎಂಬ ಹೆಸರು ಬಂತು.

ಒಂದು ಕೊರತೆ ಇನ್ನೊಂದು ಮಾರ್ಪಾಟನ್ನು ಕರೆಯಿತು. ಕಾದ ಬ್ರೇಕಿಗೆ ಬದಲು ಡ್ರಮ್ ಬ್ರೇಕು. ಅದನ್ನೆಳೆಯಲು ಮೋಟಾರ್ ಸೈಕಲಿನ ಹಿಡಿಗಳು. ಇಳಿದ ಬೆಟ್ಟವನ್ನು ಹತ್ತಲೂ ಬೇಕಲ್ಲವೆ? 1974ರ ಡಿಸೆಂಬರಿನಲ್ಲಿ ಕೂಪರ್ಟಿನೋದ ಕೆಲವರು ಇಂಥ ಗಾಡಿಗಳಿಗೆ ಗೇರು ತೊಡಿಸಿ ತಂದುದು ಕಣ್ಣಿಗೆ ಬಿದ್ದಿತ್ತು. ಗ್ಯಾರಿ ಫಿಷರ್ ತನ್ನ ಬೈಸಿಕಲ್ಲಿಗೂ ಅಂಥವನ್ನೇ ಅಳವಡಿಸಿದನು. ಹಳೆಯ ಚೌಕಟ್ಟು ಈ ಪೆಟ್ಟುಗಳನ್ನು ತಾಳದೆ ಮುರಿಯತೊಡಗಿದಾಗ ಜೋ ಬ್ರೀಜ್ 1977ರಲ್ಲಿ ಗಟ್ಟಿ ಉಕ್ಕಿನ ಕೊಳವೆಗಳಿಂದ ಹೊಸ ಚೌಕಟ್ಟನ್ನೇ ಕಟ್ಟಿದನು. ಅದು ಇಂದು ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. 1981ರಲ್ಲಿ ಕಾರ್ಖಾನೆಯ ‘ಸ್ಟಂಪ್‌ಜಂಪರ್’ ಮಾರುಕಟ್ಟೆಗೆ ಬಂತು; 1996ರಲ್ಲಿ ಬೆಟ್ಟದ ಬೈಸಿಕಲ್ ಪಂದ್ಯ ಒಲಿಂಪಿಕ್ಸಿಗೂ ಸೇರಿತು.

ಇಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ಆ ತರುಣರು ಮಾಡಿದುದು ರಿಪೇರಿಯಲ್ಲ, ರೂಪಾಂತರ. ರಿಪೇರಿ ವಸ್ತುವನ್ನು ಹಿಂದಿದ್ದಂತೆ ಮಾಡುತ್ತದೆ. ರೂಪಾಂತರ ಅದನ್ನು ಹಿಂದೆ ಎಂದೂ ಇಲ್ಲದಂತೆ ಮಾಡುತ್ತದೆ. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಮೊದಲನೆಯದು ತತ್ಸಮ, ಎರಡನೆಯದು ತದ್ಭವ. ಪರಭಾಷೆಯ ಶಬ್ದವನ್ನು ತನ್ನ ನಾಲಿಗೆಗೆ ತಿದ್ದಿಕೊಳ್ಳುವಾಗ ಜನ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಬೈಸಿಕಲ್ಲನ್ನು ತಿದ್ದಿದವರೂ ಕೇಳಲಿಲ್ಲ; ಕೇಳುವ ಅಗತ್ಯವೂ ಇರಲಿಲ್ಲ. ಅದರ ಮರೆಗಳೆಲ್ಲ ಸ್ಪ್ಯಾನರಿಗೆ ಬಿಚ್ಚಿಕೊಳ್ಳುವಂಥವು. ಈಗಿನ ಕಾನೂನುಗಳು ಕೊಡುವುದು ತತ್ಸಮದ ಹಕ್ಕನ್ನು ಮಾತ್ರ. ಯಂತ್ರದೊಳಗೆ ಸಾಫ್ಟ್‌ವೇರಿನ ಬೀಗ ಬಿದ್ದಿರುವಾಗ ತದ್ಭವಕ್ಕೆ ಎಡೆಯೆಲ್ಲಿ?

ಅಪಾಯದ ಮಾತನ್ನೆತ್ತುವವರಿದ್ದಾರೆ, ಅದು ಪೊಳ್ಳಲ್ಲ. ವಿದ್ಯುತ್ ಬೈಸಿಕಲ್ಲಿನ ಲಿಥಿಯಂ ಬ್ಯಾಟರಿಯನ್ನು ತಿಳಿಯದೆ ಬಿಚ್ಚಿದರೆ ಬೆಂಕಿ ಹೊತ್ತೀತು. ಹಳೆಯ ಚೌಕಟ್ಟಿನಲ್ಲಿ ಬಿರುಕಿದ್ದರೆ ಇಳಿಜಾರಿನಲ್ಲಿ ಪ್ರಾಣಕ್ಕೇ ಕುತ್ತು. ಆದರೆ ಅಪಾಯಕ್ಕೆ ಮದ್ದು ತಿಳಿವಳಿಕೆಯೇ ಹೊರತು ಗುಟ್ಟಲ್ಲ. ಚೌಕಟ್ಟು ಎಲ್ಲಿ ಮುರಿಯಿತೆಂದು ಕಂಡುದರಿಂದಲೇ ಅಲ್ಲವೆ ಮುರಿಯದ ಚೌಕಟ್ಟು ಹುಟ್ಟಿದುದು?

ಇಂದು ಹಳೆಯ ಕ್ರೂಸರುಗಳಿಂದ ಮತ್ತೆ ಕ್ಲಂಕರ್ ಕಟ್ಟುವ ಹವ್ಯಾಸಿಗಳಿದ್ದಾರೆ. ಕೆಡದೆ ಉಳಿದ ಅಪರೂಪದ ಗಾಡಿಯನ್ನು ಕತ್ತರಿಸದೆ, ಅಂದವನ್ನು ಆಗಲೇ ಕಳೆದುಕೊಂಡ ಸಾಮಾನ್ಯ ಚೌಕಟ್ಟನ್ನು ಆರಿಸಿಕೊಳ್ಳುವುದು ವಿವೇಕ. ಹಳೆಯದರ ಮೇಲಿನ ಗೌರವವೂ ಹೊಸದರ ಮೇಲಿನ ಆಸೆಯೂ ಒಂದೇ ಕೈಯಲ್ಲಿ ಇರಬಲ್ಲುವು. ಆದರೆ ಆ ಕೈಗೆ ಬಿಚ್ಚಲು ಬರುವ ವಸ್ತುಗಳನ್ನು ನಾವು ಮುಂದಿನವರಿಗೆ ಉಳಿಸಿಕೊಡುವೆವೆ? ಕಾನೂನು ಮಾಡುವವರು ಯೋಚಿಸಬೇಕಾದುದು ಇದನ್ನು.