ಶನಿವಾರದವರೆಗೆ ಟಿ.ಸಿ. ಕೇಳಬೇಡಿ, ಸಭೆಗೆ ಬನ್ನಿ

ರೈಲ್ವೆ ಗೇಟಿನ ಈಚೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮಕ್ಕಳ ತಾಯಂದಿರೇ, ತಂದೆಯರೇ, ಅಜ್ಜ-ಅಜ್ಜಿಯರೇ,

ನಮ್ಮ ಶಾಲೆಯ 6, 7 ಮತ್ತು 8ನೇ ತರಗತಿಗಳನ್ನು ಮುಂದಿನ ಸಾಲಿನಿಂದ ಗೇಟಿನಾಚೆಯ ದೊಡ್ಡ ಶಾಲೆಗೆ ಸೇರಿಸುತ್ತಾರಂತೆ ಎಂಬ ಮಾತು ಎರಡು ವಾರದಿಂದ ಓಣಿಯಲ್ಲಿ ಓಡಾಡುತ್ತಿದೆ. ನಲ್ಲಿ ಹತ್ತಿರ, ರೇಷನ್ ಅಂಗಡಿಯ ಸಾಲಿನಲ್ಲಿ, ಮಂಡಕ್ಕಿ ಭಟ್ಟಿಯಲ್ಲಿ ಎಲ್ಲ ಕಡೆ ಇದೇ ಮಾತು. ಲಿಖಿತ ಆದೇಶವನ್ನು ನಮ್ಮಲ್ಲಿ ಯಾರೂ ಕಣ್ಣಾರೆ ಕಂಡಿಲ್ಲ. ನಾನು ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ. ನಡಾವಳಿ ಪುಸ್ತಕವನ್ನು ತೆಗೆಸಿ ನೋಡಿದ್ದೇನೆ, ಈ ವಿಷಯದ ಒಂದು ಸಾಲೂ ಅದರಲ್ಲಿಲ್ಲ. ಹೀಗಿದ್ದೂ ಕೆಲವು ಮನೆಯವರು ಆಗಲೇ ಟಿ.ಸಿ.ಗೆ ಅರ್ಜಿ ಬರೆದುಕೊಟ್ಟಿದ್ದಾರೆ. ಇನ್ನು ಕೆಲವರು ನಾಳೆಯೋ ನಾಡಿದ್ದೋ ಕೊಡುವವರಿದ್ದಾರೆ.

ನಿಮ್ಮಲ್ಲಿ ಕೈಮುಗಿದು ಕೇಳುವುದು ಇಷ್ಟು: ಶನಿವಾರದ ಪೋಷಕರ ಸಭೆ ಮುಗಿಯುವವರೆಗೆ ಯಾರೂ ಟಿ.ಸಿ. ತೆಗೆದುಕೊಳ್ಳಬೇಡಿ.

ಯಾಕೆಂದರೆ ಶಾಲೆ ಬೀಗ ಬಿದ್ದ ದಿನವೇ ಮುಚ್ಚುವುದಿಲ್ಲ. ಅದಕ್ಕಿಂತ ಎಷ್ಟೋ ಮೊದಲು, ಒಂದೊಂದೇ ಟಿ.ಸಿ.ಯಲ್ಲಿ ಮುಚ್ಚುತ್ತಾ ಬರುತ್ತದೆ. ಹತ್ತು ಮಕ್ಕಳು ಹೋದರು ಎನ್ನಿ. ಇಲಾಖೆ ಮಕ್ಕಳ ಲೆಕ್ಕ ಇಡುವ ಸ್ಯಾಟ್ಸ್‌ನಲ್ಲಿ ನಮ್ಮ ಶಾಲೆಯ ಸಂಖ್ಯೆ ಅಷ್ಟು ಇಳಿಯುತ್ತದೆ. ಸಂಖ್ಯೆ ಇಳಿದರೆ ಇರುವ ಮೇಷ್ಟ್ರು ‘ಹೆಚ್ಚುವರಿ’ ಆಗುತ್ತಾರೆ, ಅವರನ್ನು ಬೇರೆ ಶಾಲೆಗೆ ಹಾಕುತ್ತಾರೆ. ಗಣಿತಕ್ಕೆ ಮೇಷ್ಟ್ರಿಲ್ಲ ಅಂತ ಇನ್ನಷ್ಟು ಜನ ಮಕ್ಕಳನ್ನು ಬಿಡಿಸುತ್ತಾರೆ. ಮಕ್ಕಳು ಕಡಿಮೆಯಾದರೆ ಬಿಸಿಯೂಟದ ಅಡುಗೆಯ ಅಕ್ಕಂದಿರಲ್ಲೂ ಒಬ್ಬರ ಕೆಲಸ ಹೋಗುತ್ತದೆ. ಕೊನೆಗೆ ‘ಮಕ್ಕಳ ಸಂಖ್ಯೆ ಕಡಿಮೆ ಇರುವುದರಿಂದ’ ಎಂದು ಕಡತದಲ್ಲಿ ಒಂದು ಸಾಲು ಬರೆದರೆ ಮುಗಿಯಿತು. ಗಾಳಿಮಾತಿಗೆ ಹೆದರಿ ನಾವೇ ಮಕ್ಕಳನ್ನು ಬಿಡಿಸಿದ್ದು ಆ ಸಾಲಿನಲ್ಲಿ ಎಲ್ಲೂ ಕಾಣುವುದಿಲ್ಲ.

ತಡ ಮಾಡಿದರೆ ಅಲ್ಲಿ ಸೀಟು ಸಿಗುವುದಿಲ್ಲ ಎಂಬ ಭಯ ಹಲವರಿಗಿದೆ. ಅವರು ದಯವಿಟ್ಟು ಇದನ್ನು ಎರಡು ಸಲ ಓದಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಪ್ರಕಾರ, ಟಿ.ಸಿ. ತರುವುದು ತಡವಾಯಿತೆಂಬ ಕಾರಣಕ್ಕೆ ಸರ್ಕಾರಿ ಅಥವಾ ಅನುದಾನಿತ ಶಾಲೆ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. 15ನೇ ಕಲಂ ಪ್ರಕಾರ ಶಾಲೆ ಶುರುವಾದ ಮೇಲೆ ಬಂದ ಮಗುವನ್ನೂ ವಾಪಸ್ ಕಳಿಸುವಂತಿಲ್ಲ. ಶನಿವಾರದವರೆಗೆ ಕಾದರೆ ಯಾವ ಮಗುವೂ ಏನನ್ನೂ ಕಳೆದುಕೊಳ್ಳುವುದಿಲ್ಲ.

ನಾನು ಇದೇ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ಆಗ ಇಲ್ಲಿ ಎಂಟನೇ ಕ್ಲಾಸ್ ಇರಲಿಲ್ಲ. ಮುಂದೆ ಓದಬೇಕೆಂದರೆ ಗೇಟು ದಾಟಿ ಹೈಸ್ಕೂಲಿಗೆ ಹೋಗಬೇಕಿತ್ತು. ನಮ್ಮ ಕ್ಲಾಸಿನ ಹನ್ನೊಂದು ಹುಡುಗಿಯರಲ್ಲಿ ಗೇಟು ದಾಟಿದವರು ನಾಲ್ಕೇ ಜನ. ಉಳಿದ ಏಳು ಜನರಲ್ಲಿ ನಾನೂ ಒಬ್ಬಳು. ನಮ್ಮಪ್ಪ ಕೆಟ್ಟವರಲ್ಲ. ಕಾಟನ್ ಮಿಲ್ಲು ಮುಚ್ಚಿದ ಮೇಲೆ ಭಟ್ಟಿಗೆ ಸೇರಿದ್ದರು. ಬೆಳಗಿನ ಜಾವ ಹೋದರೆ ಮನೆಗೆ ಬರುವುದು ಮಧ್ಯಾಹ್ನವೇ. ನನ್ನನ್ನು ಗೇಟು ದಾಟಿಸಿ ಬಿಟ್ಟುಬರಲು ಮನೆಯಲ್ಲಿ ಯಾರೂ ಇರಲಿಲ್ಲ. “ಅಷ್ಟು ದೂರ ಒಬ್ಬಾಕಿನ ಹೆಂಗ ಹೋಗ್ತಿ” ಅಂದರು. ಶಾಲೆ ಬಿಡು ಅಂತ ಯಾರೂ ಹೇಳಲಿಲ್ಲ, ಆದರೂ ಬಿಟ್ಟುಹೋಯಿತು. ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಶುರು ಮಾಡಿದ್ದು 2006-07ರಲ್ಲಿ. ಅಷ್ಟೊತ್ತಿಗೆ ನಾನು ಮಂಡಕ್ಕಿ ಜರಡಿ ಹಿಡಿದು ನಾಲ್ಕು ವರ್ಷವಾಗಿತ್ತು.

ಈ ಕರಪತ್ರವನ್ನು ನಾನು ಹೇಳಿದೆ, ಎಂಟನೇ ಕ್ಲಾಸಿನ ನನ್ನ ದೊಡ್ಡ ಮಗಳು ಬರೆದುಕೊಂಡಳು. ಮನೆಯಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರದ ಶಾಲೆಯಲ್ಲಿ ಅವಳು ಇಲ್ಲಿಯವರೆಗೆ ಬಂದಿದ್ದಾಳೆ. ಚಿಕ್ಕವಳು ಐದನೇ ಕ್ಲಾಸು. ಬರುವ ಸಾಲಿನಲ್ಲಿ ಆರಕ್ಕೆ ಹೋಗಬೇಕಾದವಳು ಅವಳು.

ಹನ್ನೊಂದರಿಂದ ಹದಿನಾಲ್ಕರ ವಯಸ್ಸು ಎಂಥದೆಂದು ತಾಯಂದಿರಿಗೆ ಹೇಳಬೇಕಾಗಿಲ್ಲ. ಹುಡುಗಿ ದೊಡ್ಡವಳಾಗುವುದು ಆಗಲೇ. ಮೊದಲು ಮೂರು ದಿನ ಶಾಲೆ ತಪ್ಪುತ್ತದೆ, ಆಮೇಲೆ ವಾರ. ಹುಡುಗನ ಕೈಗೆ ಗ್ಯಾರೇಜಿನವರು ನೂರು ರೂಪಾಯಿ ಇಡುವುದೂ ಅದೇ ವಯಸ್ಸಿನಲ್ಲಿ. ಶಾಲೆ ಹತ್ತಿರವಿದ್ದರೆ ಟೀಚರ್ ಒಂದು ಮಗುವನ್ನು ಮನೆಗೆ ಕಳಿಸಿ ‘ಯಾಕೆ ಬಂದಿಲ್ಲ’ ಅಂತ ಕೇಳಿಸುತ್ತಾರೆ. ಗೇಟಿನಾಚೆಯ ದೊಡ್ಡ ಶಾಲೆಯಿಂದ ನಮ್ಮ ಓಣಿಗೆ ಯಾರು ಬರುತ್ತಾರೆ?

ಮಕ್ಕಳನ್ನು ಅಲ್ಲಿಗೆ ಸೇರಿಸಬೇಕು ಎನ್ನುವ ಪೋಷಕರೂ ನಮ್ಮಲ್ಲಿದ್ದಾರೆ. ಅವರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಕಳೆದ ವಾರ ಪಕ್ಕದ ಮನೆಯ ತಮ್ಮ ಕೇಳಿದ: “ಅಕ್ಕಾ, ಗಣಿತಕ್ಕೆ ಅತಿಥಿ ಶಿಕ್ಷಕರು ಬಂದದ್ದು ದಸರಾ ಆದಮೇಲೆ. ಅಲ್ಲಿ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಕಾಂಪೌಂಡು, ಕಂಪ್ಯೂಟರ್ ಐತಿ, ಇಂಗ್ಲಿಷ್ ಮೀಡಿಯಂ ಐತಿ. ನನ್ನ ಮಗನ್ನ ಇಲ್ಲೇ ಇಟ್ಕೊಂಡು ಏನು ಮಾಡ್ಲಿ?” ಅವನ ಮಾತಿನಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಮಗ ಮುಂದೆ ಬರಲಿ ಎಂದು ಹಂಬಲಿಸುವ ತಂದೆ ಅವನು. ನಾವೆಲ್ಲ ಹಂಬಲಿಸುವುದೂ ಅದಕ್ಕೇ.

ಆದರೆ ಆ ತಮ್ಮನಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ನೀನು ಯಾವುದಕ್ಕಾಗಿ ಮಗನನ್ನು ಗೇಟಿನಾಚೆಗೆ ಕಳಿಸುತ್ತಿದ್ದೀಯೋ ಅದರಲ್ಲಿ ದೊಡ್ಡ ಪಾಲು ಈ ಶಾಲೆಗೇ ಬರಬೇಕಾದದ್ದು. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಬರೆದಿದೆ: 6ರಿಂದ 8ನೇ ತರಗತಿಗೆ ಕ್ಲಾಸಿಗೊಬ್ಬರಾದರೂ ಶಿಕ್ಷಕರು ಇರಬೇಕು. ಗಣಿತ-ವಿಜ್ಞಾನಕ್ಕೆ ಒಬ್ಬರು, ಸಮಾಜಕ್ಕೆ ಒಬ್ಬರು, ಭಾಷೆಗೆ ಒಬ್ಬರು. 35 ಮಕ್ಕಳಿಗೆ ಒಬ್ಬರಿಗಿಂತ ಕಡಿಮೆಯಾಗುವಂತಿಲ್ಲ. ಗ್ರಂಥಾಲಯ ಇರಬೇಕು, ಹುಡುಗಿಯರಿಗೆ ಬೇರೆ ಶೌಚಾಲಯ ಇರಬೇಕು. ಶಾಲೆ ಚಿಕ್ಕದಾದರೆ ಇವು ಬೇಡ ಎಂದು ಎಲ್ಲೂ ಬರೆದಿಲ್ಲ. ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಈ ಮೇಷ್ಟ್ರುಗಳು ಬೇಕೆಂದು ನಾವು ಒಟ್ಟಾಗಿ ಒಂದು ಸಲವೂ ಕೇಳಲಿಲ್ಲ. ಅದು ನಮ್ಮೆಲ್ಲರ ತಪ್ಪು, ಸಮಿತಿಯಲ್ಲಿ ಕೂತ ನನ್ನದೂ ಹೌದು. ಈ ಸಲ ಕೇಳೋಣ.

ಇನ್ನು ದೂರದ ಮಾತು. 1ರಿಂದ 5ನೇ ತರಗತಿಯ ಮಕ್ಕಳಿಗೆ ನಡೆದು ಹೋಗುವ 1 ಕಿಲೋಮೀಟರ್ ಒಳಗೆ, 6ರಿಂದ 8ರವರಿಗೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಎಂಬುದು ನಿಯಮ. ದೊಡ್ಡ ಶಾಲೆ 3 ಕಿಲೋಮೀಟರ್ ಒಳಗೇ ಇದೆ ಎಂದು ನಮಗೆ ಹೇಳಬಹುದು. ನಕ್ಷೆಯ ಮೇಲೆ ಗೆರೆ ಎಳೆದರೆ ಇದ್ದೀತು. ಆದರೆ ನಿಯಮ ಹೇಳುವುದು ಮಗು ನಡೆಯುವ ದೂರವನ್ನು. ನಮ್ಮ ಮಕ್ಕಳು ನಡೆಯಬೇಕಾದದ್ದು ಚರಂಡಿ ಒಡೆದ ರಸ್ತೆಯ ಅಂಚಿನಲ್ಲಿ, ಬೆಳಿಗ್ಗೆ ಭತ್ತದ ಲಾರಿಗಳು ಸಾಲುಗಟ್ಟಿದ ಹೊತ್ತಿನಲ್ಲಿ. ಆಮೇಲೆ ಗೇಟು. ಗಾಡಿ ಬರುವ ಮುಂಚೆ ಗೇಟು ಬಿತ್ತೆಂದರೆ ಎಷ್ಟು ಹೊತ್ತು ನಿಲ್ಲಬೇಕೆಂದು ಈ ಓಣಿಯಲ್ಲಿ ಹುಟ್ಟಿದ ಪ್ರತಿಯೊಬ್ಬರಿಗೂ ಗೊತ್ತು. ಪ್ರಾರ್ಥನೆಗೆ ತಡವಾಗುತ್ತದೆಂದು ಮಕ್ಕಳು ಬ್ಯಾಗು ಹೊತ್ತು ಗೇಟಿನ ಕೆಳಗೆ ಬಗ್ಗಿ ಹಳಿ ದಾಟುವುದನ್ನು ನೆನೆದರೆ ನನಗೆ ರಾತ್ರಿ ನಿದ್ದೆ ಹತ್ತುತ್ತಿಲ್ಲ.

ಅದಕ್ಕೇ ಶುಕ್ರವಾರ ಬೆಳಿಗ್ಗೆ 8.30ಕ್ಕೆ ನಮ್ಮ ಶಾಲೆಯ ಬಾಗಿಲಿನಿಂದ ದೊಡ್ಡ ಶಾಲೆಯ ಬಾಗಿಲಿನವರೆಗೆ ನಡೆಯುತ್ತೇವೆ. ಘೋಷಣೆ ಬೇಡ, ಬಾವುಟ ಬೇಡ. ಒಂದು ಗಡಿಯಾರ, ಒಂದು ನೋಟ್‌ಬುಕ್ಕು ಸಾಕು. ಆರನೇ ಕ್ಲಾಸಿನ ಮಗುವಿನ ಹೆಜ್ಜೆಯಲ್ಲಿ ಎಷ್ಟು ನಿಮಿಷ, ಗೇಟಿನಲ್ಲಿ ಎಷ್ಟು ನಿಮಿಷ, ಎಷ್ಟು ಕಡೆ ರಸ್ತೆ ದಾಟಬೇಕು ಎಂದು ಬರೆದುಕೊಂಡು ಬರೋಣ. ಸೇರಿಸಲೇಬೇಕು ಎನ್ನುವ ಪೋಷಕರು ತಪ್ಪದೇ ಬನ್ನಿ. ನಿಮ್ಮ ಮಕ್ಕಳೂ ಅದೇ ದಾರಿಯಲ್ಲಿ ನಡೆಯುವವರು.

ಶನಿವಾರದ ಸಭೆಗೆ ಮುಖ್ಯಶಿಕ್ಷಕರನ್ನೂ ಇಲಾಖೆಯವರನ್ನೂ ಕರೆದಿದ್ದೇವೆ. ಅವರನ್ನು ಮರ್ಯಾದೆಯಿಂದ ಕೂರಿಸಿ ಕೇಳೋಣ. ಆದೇಶ ಇದ್ದರೆ ಅದರ ಪ್ರತಿ ಕೊಡಿ. ಅಲ್ಲಿ ನಮ್ಮ ಮಕ್ಕಳಿಗೆ ಎಷ್ಟು ಕೊಠಡಿ, ಎಷ್ಟು ಮೇಷ್ಟ್ರು, ಇಂಗ್ಲಿಷ್ ಮಾಧ್ಯಮದಲ್ಲಿ ಎಷ್ಟು ಸೀಟು? ವಾಹನ ಕೊಡುತ್ತೀರಾ? ಕೊಟ್ಟರೆ ಎಷ್ಟು ವರ್ಷ? ಹೋಗಲು ಆಗದ ಮಗುವಿಗೆ ಇಲ್ಲೇ ಕ್ಲಾಸು ಉಳಿಯುತ್ತದೆಯೇ? ಬಾಯಿಮಾತಿನ ಉತ್ತರವನ್ನು ನಡಾವಳಿಯಲ್ಲಿ ಬರೆಸೋಣ. ಉತ್ತರ ಸಿಗದಿದ್ದರೆ ಅಂದೇ ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತೇವೆ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ, 30 ದಿನದಲ್ಲಿ ಉತ್ತರ ಕೊಡಬೇಕು.

ಬಡವರ ಮಾತನ್ನು ಯಾರು ಕೇಳುತ್ತಾರೆ ಎಂದು ಭಟ್ಟಿಯಲ್ಲಿ ಒಬ್ಬರು ನಿಟ್ಟುಸಿರು ಬಿಟ್ಟರು. ಕೇಳಿದ್ದೂ ಉಂಟು. 2025ರಲ್ಲಿ ಉತ್ತರ ಪ್ರದೇಶದ ಸರ್ಕಾರ ಮಕ್ಕಳು ಕಡಿಮೆ ಇರುವ ಶಾಲೆಗಳನ್ನು ಸೇರಿಸಲು ಜೂನ್‌ನಲ್ಲಿ ಆದೇಶ ಹೊರಡಿಸಿತು. ಸೀತಾಪುರ ಜಿಲ್ಲೆಯ ಮಕ್ಕಳ ಪರವಾಗಿ ಪ್ರಕರಣ ಹೈಕೋರ್ಟಿಗೆ ಹೋಯಿತು. ಮೊದಲು ಸೋತರು. ಮೇಲ್ಮನವಿ ಹಾಕಿದರು. ಜುಲೈ ಮುಗಿಯುವುದರೊಳಗೆ ಆ ಜಿಲ್ಲೆಯಲ್ಲಿ ಯಥಾಸ್ಥಿತಿ ಕಾಯಲು ಹೈಕೋರ್ಟಿನ ವಿಭಾಗೀಯ ಪೀಠ ಹೇಳಿತು. 1 ಕಿಲೋಮೀಟರ್‌ಗಿಂತ ದೂರದ ಶಾಲೆಗೆ ಮಕ್ಕಳನ್ನು ಸೇರಿಸುವುದಿಲ್ಲ ಎಂದು ಸರ್ಕಾರವೇ ಹೇಳಬೇಕಾಯಿತು.

ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಅಂದಮೇಲೆ ತಾಯಂದಿರು ಹಿಂದಿನ ಸಾಲಿನಲ್ಲಿ ನಿಲ್ಲಬೇಡಿ. ಮಾತಾಡಲು ಬರುವುದಿಲ್ಲ ಎನ್ನಬೇಡಿ. ನಿಮ್ಮ ಮಗಳು ಬೆಳಿಗ್ಗೆ ಎಷ್ಟಕ್ಕೆ ಏಳುತ್ತಾಳೆ, ಸಂಜೆ ನೀವು ಎಷ್ಟಕ್ಕೆ ಮನೆಗೆ ಬರುತ್ತೀರಿ, ಅಷ್ಟು ಹೇಳಿದರೆ ಸಾಕು.

ಸಭೆ: ಶನಿವಾರ ಸಂಜೆ 5ಕ್ಕೆ, ಶಾಲೆಯ ಅಂಗಳದ ಬೇವಿನ ಮರದ ಕೆಳಗೆ. ಆ ದಿನ ಮಧ್ಯಾಹ್ನದ ಮೇಲೆ ಭಟ್ಟಿ ಬೇಗ ಆರಿಸಲು ಮಾಲೀಕರಲ್ಲಿ ಕೇಳಿದ್ದೇವೆ, ಕೆಲವರು ಒಪ್ಪಿದ್ದಾರೆ. ಕೈಗೂಸು ಇದ್ದವರು ಎತ್ತಿಕೊಂಡೇ ಬನ್ನಿ. 5ನೇ ಕ್ಲಾಸಿನ ಮಕ್ಕಳನ್ನು ಕರೆತನ್ನಿ, ಇದು ಅವರ ಮಾತು. ಟಿ.ಸಿ. ಅರ್ಜಿ ಕೊಟ್ಟಾಗಿದ್ದರೆ ಸೋಮವಾರದವರೆಗೆ ತಡೆಹಿಡಿಯಿರಿ ಎಂದು ಮುಖ್ಯಶಿಕ್ಷಕರಿಗೆ ಒಂದು ಚೀಟಿ ಬರೆದುಕೊಡಿ. ಬರೆಯಲು ಬಾರದಿದ್ದರೆ ದಿನಾ ಸಂಜೆ ಏಳರ ಮೇಲೆ ನಮ್ಮ ಮನೆಗೆ ಬನ್ನಿ, ಮಗಳು ಬರೆದುಕೊಡುತ್ತಾಳೆ.

— ಶಾಲೆಯ ಮಕ್ಕಳ ತಾಯಂದಿರು ಮತ್ತು ತಂದೆಯರ ಪರವಾಗಿ, ನಿಮ್ಮ ಎಸ್‌ಡಿಎಂಸಿ ಸದಸ್ಯೆ